ತಪ್ಪಿದ ಬಾಣದ ಲೆಕ್ಕ

2025ರ ಜೂನ್ ತಿಂಗಳಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಡಾರ್ಟ್ಸ್ ಆಟದ ವಿಶ್ವ ಕಪ್ ಪಂದ್ಯಗಳು ನಡೆದವು. ಡಾರ್ಟ್ ಎಂದರೆ ಬೆರಳುಗಳ ನಡುವೆ ಹಿಡಿದು ಎಸೆಯುವ ಗಿಡ್ಡ ಬಾಣ. ಗೋಡೆಗೆ ತೂಗಿಸಿದ ದುಂಡು ಹಲಗೆಯೇ ಅದರ ಗುರಿ. ಈ ಪಂದ್ಯಾವಳಿಗೆ ಪ್ರತಿಯೊಂದು ದೇಶವೂ ಇಬ್ಬರ ಒಂದು ಜೋಡಿಯನ್ನು ಕಳುಹಿಸುತ್ತದೆ. 2010ರಲ್ಲಿ 24 ದೇಶಗಳಿಂದ ಮೊದಲಾದ ಇದರಲ್ಲಿ 2023ರಿಂದ 40 ದೇಶಗಳು ಆಡುತ್ತಿವೆ. ಆ ವರ್ಷದಿಂದ ಎಲ್ಲ ಆಟಗಳೂ ಜೋಡಿಯಾಟಗಳೇ. 2014ರಲ್ಲಿ ಭಾರತದ ಜೋಡಿಯೂ ಅಲ್ಲಿ ಆಡಿತು.

2025ರ ಪಂದ್ಯಗಳಲ್ಲಿ ಒಂದು ಸೋಜಿಗ ನಡೆಯಿತು. ಇಂಗ್ಲೆಂಡಿನ ಜೋಡಿಯಲ್ಲಿ ಒಬ್ಬನು ಅಂದು ಲೋಕದ ಮೊದಲನೆಯ ಸ್ಥಾನದಲ್ಲಿದ್ದ ಲೂಕ್ ಹಂಫ್ರೀಸ್. ಇನ್ನೊಬ್ಬನು ಅದೇ ವರ್ಷದ ಜನವರಿಯಲ್ಲಿ, ತನ್ನ ಹದಿನೇಳನೆಯ ವಯಸ್ಸಿನಲ್ಲಿ, ಜಗಜ್ಜೆಟ್ಟಿಯಾಗಿದ್ದ ಲೂಕ್ ಲಿಟ್ಲರ್. ಇಂತಹ ಜೋಡಿಯನ್ನು ಜರ್ಮನಿಯ ಜೋಡಿ 8–4ರಿಂದ ಸೋಲಿಸಿ ಮನೆಗೆ ಕಳುಹಿಸಿತು. ಕೊನೆಗೆ ಕಪ್ಪನ್ನು ಗೆದ್ದದ್ದು ಉತ್ತರ ಐರ್ಲೆಂಡಿನ ಜೋಶ್ ರಾಕ್ ಮತ್ತು ಡ್ಯಾರಿಲ್ ಗರ್ನಿ; ವೇಲ್ಸ್ ಜೋಡಿಯ ಮೇಲೆ 10–9ರಿಂದ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ವಿದ್ಯಾರ್ಥಿಗಳಿಗೆ ಈ ದೂರದ ಆಟದಿಂದ ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ಆಗಬೇಕಾದುದು ಬಹಳವಿದೆ ಎಂಬುದೇ ನಮ್ಮ ಅಭಿಪ್ರಾಯ. ನಮ್ಮ ಕಾಲೇಜುಗಳ ಭೌತವಿಜ್ಞಾನದ ಪ್ರಯೋಗಶಾಲೆಗಳಲ್ಲಿಯೂ ವಿದ್ಯಾರ್ಥಿಗಳು ಸಾಮಾನ್ಯವಾಗಿ ಇಬ್ಬಿಬ್ಬರು ಜೋಡಿಯಾಗಿಯೇ ಕೆಲಸ ಮಾಡುತ್ತಾರೆ. ಆ ಬಾಣದ ಜೋಡಿಯಲ್ಲಿರುವ ಒಂದು ಗುಣ ನಮ್ಮ ಪ್ರಯೋಗಶಾಲೆಯ ಜೋಡಿಯಲ್ಲಿ ಕಾಣೆಯಾಗಿದೆ. ಅದನ್ನು ಹೇಳುವುದಕ್ಕೆ ಮೊದಲು ಆಟವನ್ನು ಸ್ವಲ್ಪ ನೋಡೋಣ.

ಹಲಗೆಯನ್ನು 1ರಿಂದ 20ರವರೆಗಿನ ಇಪ್ಪತ್ತು ಹೋಳುಗಳಾಗಿ ವಿಂಗಡಿಸಿದೆ. ಆದರೆ ಅಂಕಿಗಳು ಗಡಿಯಾರದಲ್ಲಿರುವಂತೆ ಕ್ರಮವಾಗಿಲ್ಲ. 20ರ ಎಡಕ್ಕೆ 5, ಬಲಕ್ಕೆ 1. 19ರ ಎರಡು ಪಕ್ಕಗಳಲ್ಲಿ 3 ಮತ್ತು 7. ದೊಡ್ಡ ಅಂಕಿಗೆ ಗುರಿಯಿಟ್ಟು ಕೊಂಚ ತಪ್ಪಿದವನ ಪಾಲಿಗೆ ಸಣ್ಣ ಅಂಕಿಯೇ ಗತಿ. ಪ್ರತಿಯೊಂದು ಹೋಳಿನಲ್ಲಿಯೂ ಕೇವಲ 8 ಮಿಲಿಮೀಟರ್ ಅಗಲದ ಎರಡು ಕಿರುಪಟ್ಟಿಗಳಿವೆ: ಹೊರಗಿನದರಲ್ಲಿ ನೆಟ್ಟರೆ ಅಂಕಿ ಎರಡರಷ್ಟು, ಒಳಗಿನದರಲ್ಲಿ ಮೂರರಷ್ಟು. ಆಟ 501ರಿಂದ ಆರಂಭ. ಪ್ರತಿಯೊಂದು ಸರದಿಗೆ ಮೂರು ಬಾಣ. ಗಳಿಸಿದುದನ್ನು ಕಳೆಯುತ್ತ ಕಳೆಯುತ್ತ ಸರಿಯಾಗಿ ಸೊನ್ನೆಗೆ ಇಳಿಯಬೇಕು, ಕೊನೆಯ ಬಾಣ ಎರಡರಷ್ಟಿನ ಪಟ್ಟಿಯಲ್ಲಿ ಇಲ್ಲವೆ ಹಲಗೆಯ ನಟ್ಟನಡುವಿನ ಕಿರುವೃತ್ತದಲ್ಲಿಯೇ ನೆಡಬೇಕು.

ಈ 8 ಮಿಲಿಮೀಟರ್ ಎಷ್ಟು ಕಿರಿದೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಎಸೆಯುವ ಗೆರೆಯಿಂದ ಹಲಗೆಗೆ ಇರುವ ದೂರ 2.37 ಮೀಟರ್. ಅಷ್ಟು ದೂರದಿಂದ ಆ ಪಟ್ಟಿ ಕಣ್ಣಿಗೆ ಮಾಡುವ ಕೋನ ಸುಮಾರು ಒಂದು ಡಿಗ್ರಿಯ ಐದನೆಯ ಒಂದು ಭಾಗ. ಹುಣ್ಣಿಮೆಯ ಚಂದ್ರನೇ ಅರ್ಧ ಡಿಗ್ರಿಯಷ್ಟು ಕಾಣುತ್ತಾನೆ. ಪಟ್ಟಿ ಅದರ ಅರ್ಧಕ್ಕೂ ಕಡಮೆ. ವೇಗದ ವಿಚಾರವೂ ಹೀಗೆಯೇ. ಬಾಣ ಸೆಕೆಂಡಿಗೆ 6 ಮೀಟರ್ ವೇಗದಿಂದ ಸಾಗುತ್ತದೆಂದು ಭಾವಿಸೋಣ. ಹಲಗೆಯನ್ನು ಮುಟ್ಟಲು ಅದಕ್ಕೆ ಸುಮಾರು 0.4 ಸೆಕೆಂಡು ಬೇಕು. ಅಷ್ಟರಲ್ಲಿ ಗುರುತ್ವವು ಅದನ್ನು ಸುಮಾರು 78 ಸೆಂಟಿಮೀಟರ್ ಕೆಳಕ್ಕೆ ಎಳೆದಿರುತ್ತದೆ. ಆದುದರಿಂದಲೇ ಆಟಗಾರನು ಕೊಂಚ ಮೇಲ್ಮುಖವಾಗಿ ಎಸೆಯುತ್ತಾನೆ. ಕೈಯ ವೇಗದಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸವಾದರೆ ಈ ಇಳಿತದಲ್ಲಿ ನೂರಕ್ಕೆ ಎರಡರಷ್ಟು, ಅಂದರೆ ಸುಮಾರು 16 ಮಿಲಿಮೀಟರ್, ವ್ಯತ್ಯಾಸ ಬರುತ್ತದೆ. ಪಟ್ಟಿಯ ಅಗಲಕ್ಕೆ ಇದು ಎರಡರಷ್ಟು! ಲೋಕದ ಮೇಲಾದ ಆಟಗಾರರೂ ಮತ್ತೆ ಮತ್ತೆ ತಪ್ಪುವುದರಲ್ಲಿ ಆಶ್ಚರ್ಯವೇನಿದೆ? ಜೋಳದ ಹೊಲದ ಅಟ್ಟದ ಮೇಲೆ ನಿಂತು ಕವಣೆ ಬೀಸಿದ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಜೋಡಿಯ ಮಾತು. ಒಬ್ಬನು ಮೂರು ಬಾಣಗಳನ್ನು ಎಸೆದ ಮೇಲೆ ಎದುರಾಳಿಯ ಸರದಿ. ಅದಾದ ಬಳಿಕ ಎಸೆಯುವವನು ಇವನ ಜೊತೆಗಾರ. ಇವನು ಉಳಿಸಿಟ್ಟ ಅಂಕಿಯಿಂದಲೇ ಅವನು ಮುಂದುವರಿಯಬೇಕು. ಉಳಿದುದು 32 ಆಗಿದ್ದರೆ 16ರ ಎರಡರಷ್ಟಿನ ಪಟ್ಟಿಗೆ ಒಂದೇ ಬಾಣ ಸಾಕು. ಆ ಪಟ್ಟಿ ತಪ್ಪಿ ಬರಿಯ 16ಕ್ಕೆ ಬಿದ್ದರೂ 16 ಉಳಿಯುತ್ತದೆ. 8ರ ಎರಡರಷ್ಟಿನ ದಾರಿ ಜೊತೆಗಾರನಿಗೆ ತೆರೆದಿರುತ್ತದೆ. ಹೀಗೆ ಜಾಣನಾದ ಆಟಗಾರನು ತನ್ನ ತಪ್ಪನ್ನು ಮುಂಚೆಯೇ ಎಣಿಕೆಗೆ ತೆಗೆದುಕೊಂಡು ಗುರಿಯನ್ನು ಆರಿಸುತ್ತಾನೆ. ಆದರೆ ತಪ್ಪನ್ನು ಅಳಿಸಿ ಬರೆಯುವಂತಿಲ್ಲ. ಬಾಣ ಎಲ್ಲಿ ನೆಟ್ಟಿದೆಯೋ ಅಲ್ಲಿಯೇ ಅದರ ಲೆಕ್ಕ. ಇಂಗ್ಲೆಂಡಿನ ಜೋಡಿ ಏಕೆ ಸೋತಿತು ಎಂಬುದಕ್ಕೆ ನಾವು ಸಿದ್ಧಾಂತ ಕಟ್ಟಹೊರಟಿಲ್ಲ. ಒಂದು ಪಂದ್ಯದಿಂದ ನಿಯಮ ಹೊರಡದು. ಇಬ್ಬರು ನಿಪುಣರ ತಪ್ಪುಗಳೂ ಹಲಗೆಯ ಮೇಲೆ ಸಾವಿರಾರು ಜನರ ಕಣ್ಣೆದುರಿಗೆ ಇದ್ದವು, ಅವುಗಳನ್ನು ಮರೆಮಾಡಲು ದಾರಿಯಿರಲಿಲ್ಲ ಎಂಬುದಷ್ಟೇ ನಮಗೆ ಮುಖ್ಯ.

ನಮ್ಮ ಪ್ರಯೋಗಶಾಲೆಯಲ್ಲಿ ಆ ದಾರಿ ಧಾರಾಳವಾಗಿದೆ. ಸಂಕೋಚವಿಲ್ಲದೆ ನಮ್ಮ ಕಥೆಯನ್ನೇ ಹೇಳುತ್ತೇವೆ. ನಾವು ವಿದ್ಯಾರ್ಥಿಯಾಗಿದ್ದಾಗ ಸರಳ ಲೋಲಕದಿಂದ ಗುರುತ್ವದ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗ ಬಂದಿತು. ನಮ್ಮ ಅಳತೆಗಳಿಂದ 972 ಎಂಬ ಉತ್ತರ ಬಂದಿತು. ಪುಸ್ತಕದಲ್ಲಿ 981 ಎಂದಿದ್ದಿತು. ನಾವೂ ನಮ್ಮ ಜೊತೆಗಾರನೂ ಮುಖ ಮುಖ ನೋಡಿಕೊಂಡೆವು. ಅವನು ರಬ್ಬರು ತೆಗೆದನು. ನಾವು ಉತ್ತರದಿಂದ ಹಿಂದುಹಿಂದಕ್ಕೆ ಲೆಕ್ಕ ಮಾಡಿ ಕಾಲದ ಅಂಕಿಗಳನ್ನು ತಿದ್ದಿದೆವು. ಪೂರ್ಣಾಂಕಗಳು ದೊರೆತವು.

ಬಹಳ ವರ್ಷಗಳ ಮೇಲೆ ತಿಳಿದುಬಂದ ಸಂಗತಿಯೇ ಬೇರೆ. ಗುರುತ್ವದ ವೇಗೋತ್ಕರ್ಷ ಭೂಮಿಯ ಮೇಲೆ ಎಲ್ಲೆಡೆಯೂ ಒಂದೇ ಅಲ್ಲ. ಧ್ರುವಗಳ ಕಡೆಗೆ ಹೆಚ್ಚು, ಭೂಮಧ್ಯರೇಖೆಯ ಕಡೆಗೆ ಕಡಮೆ. ಸುಮಾರು 17 ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟಕ್ಕಿಂತ ನಾಲ್ಕುನೂರು ಮೀಟರುಗಳಷ್ಟು ಎತ್ತರದಲ್ಲಿರುವ ನಮ್ಮ ಸೇಡಂ, ಚಿತ್ತಾಪುರಗಳ ನೆಲದಲ್ಲಿ ಅದರ ಬೆಲೆ ಸೆಕೆಂಡಿನ ವರ್ಗಕ್ಕೆ ಸುಮಾರು 978 ಸೆಂಟಿಮೀಟರ್. 981 ಎಂಬುದು ಲಂಡನ್ನಿನ ಸುತ್ತಮುತ್ತಲಿನ ಬೆಲೆ! ನಮ್ಮ ನೆಲ ತನ್ನ ಉತ್ತರವನ್ನು ತಾನೇ ಹೇಳುತ್ತಿದ್ದಿತು. ಅದನ್ನು ಅಳಿಸಿ ನಾವು ಲಂಡನ್ನಿನ ಉತ್ತರವನ್ನು ಬರೆದುಕೊಂಡೆವು. ಇಪ್ಪತ್ತು ತೂಗಾಟಗಳಿಗೆ ಸುಮಾರು 40 ಸೆಕೆಂಡು ಹಿಡಿಯುವ ಲೋಲಕವನ್ನು ಕೈಗಡಿಯಾರದಿಂದ ಅಳೆಯುವಾಗ 0.2 ಸೆಕೆಂಡು ತಪ್ಪಿದರೆ ಉತ್ತರದಲ್ಲಿ ಸುಮಾರು 10ರಷ್ಟು ವ್ಯತ್ಯಾಸ ಬರುತ್ತದೆ. ಆದುದರಿಂದ ‘972, ಆಚೆ ಈಚೆ 10’ ಎಂದು ಬರೆದಿದ್ದರೆ ಅದು ನೂರಕ್ಕೆ ನೂರು ನಿಜವಾದ ಉತ್ತರವಾಗುತ್ತಿದ್ದಿತು. ನಾವು ಅಳಿಸಿದುದು ತಪ್ಪನ್ನಲ್ಲ, ಸರಿಯನ್ನು.

ಇಂದು ಉಪನ್ಯಾಸಕರಾಗಿ ವಿದ್ಯಾರ್ಥಿಗಳ ದಾಖಲೆ ಪುಸ್ತಕಗಳನ್ನು ತಿದ್ದುವಾಗ ಅದೇ 981 ಸಾಲುಸಾಲಾಗಿ ಎದುರಾಗುತ್ತದೆ. ಇದರಲ್ಲಿ ವಿದ್ಯಾರ್ಥಿಗಳ ತಪ್ಪಿಗಿಂತ ನಮ್ಮಂತಹ ಅಧ್ಯಾಪಕರ ತಪ್ಪೇ ಹೆಚ್ಚು. ಉತ್ತರಕ್ಕೆ ಅಂಕ ಕೊಟ್ಟು ಅಳತೆಗೆ ಕೊಡದಿದ್ದರೆ ಬುದ್ಧಿವಂತನಾದ ಹುಡುಗನು ಮತ್ತೇನು ಮಾಡಿಯಾನು?

ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ. ನಮ್ಮ ಈ ಭಾಗ ಸುಣ್ಣಕಲ್ಲಿನ ನಾಡು, ಸಿಮೆಂಟಿನ ನಾಡು. ಇಲ್ಲಿಯ ವಿಜ್ಞಾನ ಪದವೀಧರರು ಕಾರ್ಖಾನೆಗಳ ಪರೀಕ್ಷಾಲಯಗಳಲ್ಲಿ ಕೆಲಸಕ್ಕೆ ಸೇರಬಯಸುವುದು ಸಹಜ. ‘53 ಗ್ರೇಡ್’ ಎಂಬ ಸಿಮೆಂಟಿನ ಅರ್ಥವೇನು? ಅದರಿಂದ ಮಾಡಿದ ಗಾರೆಯ ಘನಗಳು 28 ದಿನಗಳ ಬಳಿಕ ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 53 ನ್ಯೂಟನ್ ಒತ್ತಡವನ್ನು ತಡೆಯಬೇಕು. ಅದಕ್ಕಾಗಿ ಮೂರು ಘನಗಳನ್ನು ಒಡೆದು ಸರಾಸರಿ ತೆಗೆಯುತ್ತಾರೆ. ಒಂದೇ ಘನ ಸಾಲದೇಕೆ? ಅಳತೆ ಚದರುತ್ತದೆ ಎಂಬ ಅರಿವಿರುವುದರಿಂದ. ಆ ಮೂರು ಅಂಕಿಗಳನ್ನು ಬರೆಯುವ ಕೈ ಹದಿನೇಳನೆಯ ವಯಸ್ಸಿನಲ್ಲಿ ಅಂಕಿ ತಿದ್ದುವುದನ್ನು ಕಲಿತಿದ್ದರೆ, ಅದರ ಫಲವನ್ನು ಅನುಭವಿಸುವವನು ಆ ಸಿಮೆಂಟಿನಿಂದ ಕಟ್ಟಿದ ಮಾಳಿಗೆಯ ಕೆಳಗೆ ಮಲಗುವವನು.

ತಪ್ಪನ್ನು ಮುಚ್ಚಿಡದೆ ಅಳೆದರೆ ಏನು ಲಾಭವೆಂಬುದನ್ನೂ ಡಾರ್ಟ್ಸ್ ಆಟವೇ ತೋರಿಸಿಕೊಟ್ಟಿದೆ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಖ್ಯಾಶಾಸ್ತ್ರಜ್ಞರಾದ ಟಿಬ್ಶಿರಾನಿ, ಪ್ರೈಸ್ ಮತ್ತು ಟೇಲರ್ ಒಂದು ಲೇಖನ ಪ್ರಕಟಿಸಿದರು. ಆಟಗಾರನ ಬಾಣಗಳು ಎಷ್ಟು ಚದರುತ್ತವೆ ಎಂಬುದು ಗೊತ್ತಾದರೆ ಅವನು ಎಲ್ಲಿಗೆ ಗುರಿಯಿಡಬೇಕೆಂದು ಅವರು ಲೆಕ್ಕ ಹಾಕಿದರು. ಕೈ ಬಹಳ ಸ್ಥಿರವಾಗಿರುವವನಿಗೆ 20ರ ಮೂರರಷ್ಟಿನ ಪಟ್ಟಿಯೇ ಲೇಸು. ಕೈ ಸ್ವಲ್ಪ ಚದರುವವನು 19ರ ಕಡೆಗೆ ತಿರುಗುವುದು ಲಾಭ. ಇನ್ನೂ ಹೆಚ್ಚು ಚದರುವವನು ಹಲಗೆಯ ನಡುವಿಗೆ ಹತ್ತಿರ, ಕೊಂಚ ಎಡಗೆಳಕ್ಕೆ, ಗುರಿಯಿಡುವುದು ಉತ್ತಮ. ತನ್ನ ದೋಷದ ಪ್ರಮಾಣವನ್ನು ಅರಿಯದವನು ನಿಪುಣರನ್ನು ನೋಡಿ 20ಕ್ಕೇ ಎಸೆಯುತ್ತ 1, 5ಗಳನ್ನು ಗಳಿಸುತ್ತಿರುತ್ತಾನೆ.

ಆದುದರಿಂದ ನಮ್ಮ ಸೂಚನೆ ಇದು. ಇದಕ್ಕೆ ಹಲಗೆಯೂ ಬೇಡ, ಮೊನೆಯ ಬಾಣವೂ ಬೇಡ. ನಮ್ಮ ಶಾಲೆಯ ಪಡಸಾಲೆಯಲ್ಲಿ ಹಾಸಿರುವ ಶಹಾಬಾದ ಕಲ್ಲೇ ಸಾಕು. ಅದರ ಮೇಲೆ ಸೀಮೆಸುಣ್ಣದಿಂದ ಒಂದು ಕೂಡುಗೆರೆ ಎಳೆಯಿರಿ; ಅದನ್ನು ನಡುವಾಗಿಟ್ಟುಕೊಂಡು ಒಂದು ಗೇಣು ತ್ರಿಜ್ಯದ ವೃತ್ತ ಬರೆಯಿರಿ. ನಿಂಬೆಹಣ್ಣಿನ ಗಾತ್ರದ ಮರಳಿನ ಗಂಟನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಎಂಟು ಅಡಿ ದೂರದಿಂದ ಎಸೆಯಿರಿ, ಮರಳು ಪುಟಿಯುವುದಿಲ್ಲ. ಒಬ್ಬನು 25 ಸಲ ಎಸೆಯಲಿ. ಜೊತೆಗಾರನು ಪ್ರತಿಯೊಂದು ಎಸೆತವೂ ಗೆರೆಯಿಂದ ಎಡಕ್ಕೋ ಬಲಕ್ಕೋ, ಮುಂದಕ್ಕೋ ಹಿಂದಕ್ಕೋ ಎಷ್ಟು ಸೆಂಟಿಮೀಟರ್ ತಪ್ಪಿತೆಂದು ಬರೆಯಲಿ. ಒಂದನ್ನೂ ಬಿಡಬಾರದು, ತಿದ್ದಬಾರದು. ಇಪ್ಪತ್ತೈದರ ಸರಾಸರಿ ಗೆರೆಯಿಂದ 6 ಸೆಂಟಿಮೀಟರ್ ಎಡಕ್ಕಿದ್ದರೆ ಅದು ವ್ಯವಸ್ಥಿತ ದೋಷ; ಆರು ಸೆಂಟಿಮೀಟರ್ ಬಲಕ್ಕೆ ಗುರಿಯಿಟ್ಟರೆ ಅದು ಹೋಗುತ್ತದೆ. ಆ ಸರಾಸರಿಯ ಸುತ್ತ ಎಸೆತಗಳು ಚದರಿರುವುದು ಆಕಸ್ಮಿಕ ದೋಷ. ಅದು ಗುರಿ ಬದಲಿಸಿದರೆ ಹೋಗದು, ಅಭ್ಯಾಸದಿಂದ ಮಾತ್ರ ತಗ್ಗೀತು. ಪುಸ್ತಕದ ನಾಲ್ಕು ಪುಟಗಳಲ್ಲಿ ಅರ್ಥವಾಗದ ಈ ಭೇದ ಅರ್ಧ ಗಂಟೆಯಲ್ಲಿ ಕೈಗೇ ತಿಳಿಯುತ್ತದೆ.

ಆಮೇಲೆ ಈ ಐದು ಊರುಗಳ ನಡುವೆ ಒಂದು ಜೋಡಿ ಪಂದ್ಯವನ್ನೇಕೆ ನಡೆಸಬಾರದು? 40 ಮಂದಿಯ ತರಗತಿಯಲ್ಲಿ ಎಷ್ಟು ಜೋಡಿಗಳು ಸಾಧ್ಯವೆಂದು ಎಣಿಸುವುದೇ ಮೊದಲ ಪಾಠವಾಗಲಿ: 40ನ್ನು 39ರಿಂದ ಗುಣಿಸಿ 2ರಿಂದ ಭಾಗಿಸಿದರೆ 780. ಇಂತಹ ಎಣಿಕೆಗೆ ಸಾಮಾನ್ಯ ನಿಯಮವನ್ನು ಒಂಬತ್ತನೆಯ ಶತಮಾನದಲ್ಲಿಯೇ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟ ಮಹಾವೀರಾಚಾರ್ಯರು ಅಮೋಘವರ್ಷ ನೃಪತುಂಗನ ಕಾಲದವರು. ಆ ದೊರೆಯ ರಾಜಧಾನಿಯಾದ ಮಳಖೇಡ ನಮ್ಮ ಸೇಡಂ ತಾಲ್ಲೂಕಿನಲ್ಲಿಯೇ, ಕಾಗಿಣಾ ನದಿಯ ದಂಡೆಯಲ್ಲಿದೆ.

ಪಂದ್ಯದ ನಿಯಮವನ್ನು ಮಾತ್ರ ಸ್ವಲ್ಪ ಬದಲಿಸಬೇಕು. ಎರಡನೆಯ 25 ಎಸೆತಗಳಿಗೆ ಮೊದಲು ಪ್ರತಿಯೊಂದು ಜೋಡಿಯೂ ‘ನಮ್ಮ ಎಸೆತಗಳಲ್ಲಿ ಇಷ್ಟು ವೃತ್ತದೊಳಗೆ ಬೀಳುವುವು’ ಎಂದು ಬರೆದು ಕೊಡಲಿ. ಒಳಗೆ ಬಿದ್ದ ಪ್ರತಿಯೊಂದಕ್ಕೂ ಒಂದು ಅಂಕ. ಬರೆದುದಕ್ಕೂ ಬಿದ್ದುದಕ್ಕೂ ಇರುವ ಅಂತರದಲ್ಲಿ ಒಂದೊಂದಕ್ಕೂ ಎರಡು ಅಂಕ ಕಡಿತ. ಅಳೆಯುವವರು ಎದುರು ಜೋಡಿಯವರು. ಜಂಬ ಕೊಚ್ಚಿದವನೂ ಸೋಲುತ್ತಾನೆ, ಅತಿ ವಿನಯ ತೋರಿದವನೂ ಸೋಲುತ್ತಾನೆ.

ಆಟಕ್ಕೆ ಸಮಯವೆಲ್ಲಿ, ಪಾಠಪಟ್ಟಿ ಮುಗಿಯಬೇಡವೆ ಎಂದು ನಮ್ಮ ಸಹೋದ್ಯೋಗಿಗಳು ಕೇಳಿಯಾರು. ಪಾಠಪಟ್ಟಿ ಮುಗಿಯಲೇಬೇಕು. ಆದರೆ ಅಳತೆಯ ಮೇಲೆ ನಂಬಿಕೆ ಹುಟ್ಟದೆ ಮುಗಿದ ಪಾಠದಿಂದ ಸೂತ್ರಗಳು ಉಳಿದಾವು, ವಿಜ್ಞಾನ ಉಳಿಯದು. ಒಂದು ಮಧ್ಯಾಹ್ನವನ್ನು ಇದಕ್ಕೆ ಕೊಟ್ಟು, ಮರುದಿನವೇ ಲೋಲಕದ ಪ್ರಯೋಗ ಮಾಡಿಸಿ ನೋಡಲಿ. ಅಂದು ಒಂದು ಜೋಡಿಯಾದರೂ ‘972, ಆಚೆ ಈಚೆ 10’ ಎಂದು ಬರೆದು ಅಂಜದೆ ಮುಂದಿಟ್ಟರೆ, ಅದಕ್ಕೆ ಪೂರ್ಣಾಂಕ ಕೊಡುವ ಧೈರ್ಯ ನಮ್ಮಲ್ಲಿ ಇರಲಿ ಎಂದು ಹಾರೈಸುತ್ತೇವೆ.