ಗೃಹಾರೋಗ್ಯ: ತಿಂಗಳ ಶೂಲೆಯೂ ಊರೂರ ಮದ್ದೂ



ಈ ಪುಟದಲ್ಲಿ ನಾವು ತಿಂಗಳು ತಿಂಗಳೂ ಮನೆಯವರ ಆರೋಗ್ಯವನ್ನು ಕುರಿತು ನಾಲ್ಕು ಮಾತು ಬರೆಯುತ್ತ ಬಂದಿರುವೆವು. ಮಕ್ಕಳ ಕೆಮ್ಮು, ವೃದ್ಧರ ಕೀಲುನೋವು, ಕುಡಿಯುವ ನೀರಿನ ಶುದ್ಧಿ ಮೊದಲಾದವುಗಳನ್ನು ಬರೆಯುವಾಗ ನಮ್ಮ ಲೇಖನಿಯು ಎಂದೂ ತಡವರಿಸಲಿಲ್ಲ. ಈ ಸಲದ ವಿಷಯವನ್ನೆತ್ತಿಕೊಳ್ಳಲು ಮಾತ್ರ ಎರಡು ವರ್ಷ ಹಿಂದುಮುಂದು ನೋಡಿದೆವು. ಹೆಂಗಸರ ಮುಟ್ಟಿನ ನೋವನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುವುದು ತಕ್ಕದ್ದೇ ಎಂಬ ಸಂಕೋಚವು ನಮಗೂ ಇದ್ದಿತು. ಆ ಸಂಕೋಚವನ್ನು ಬಿಡಿಸಿದವಳು ನಮ್ಮ ತಂಗಿಯೇ. "ನನ್ನ ಹೆಸರೊಂದು ಬಿಟ್ಟು ಎಲ್ಲಾ ಬರಿ ಅಕ್ಕಾ. ನಾವು ಹದಿಮೂರು ವರ್ಷ ಬಾಯಿ ಮುಚ್ಚಿಕೊಂಡು ಕುಂತದ್ದು ಸಾಕು" ಎಂದು ಅವಳು ಹೇಳಿದಳು. ಆದುದರಿಂದ ಬರೆಯುತ್ತಿದ್ದೇವೆ.

ನಮ್ಮದು ಬೆಟಗೇರಿಯ ನೇಕಾರರ ಮನೆ. ತಂಗಿಯು ಹೈಸ್ಕೂಲಿನಲ್ಲಿದ್ದಾಗ, ೨೦೦೮ರಲ್ಲಿ, ಅವಳಿಗೆ ಈ ಶೂಲೆಯು ಮೊದಲಾಯಿತು. ಕಡಿಗಾದ ಮೊದಲ ಎರಡು ದಿನ ಅವಳು ನೆಲಕ್ಕೆ ಹೊಟ್ಟೆ ಒತ್ತಿಕೊಂಡು ಮಲಗುವಳು, ವಾಂತಿಯಾಗುವುದು, ಟೊಂಕದಿಂದ ತೊಡೆಯವರೆಗೆ ಸೆಳೆತವು ಇಳಿಯುವುದು. ಪರೀಕ್ಷೆಯ ದಿನಗಳು ಎರಡು ಸಲ ಹೀಗೆಯೇ ಹೋದವು. ನಮ್ಮ ಅವ್ವನು ಕುಣಿಮಗ್ಗದಿಂದ ಏಳದೆಯೇ, "ಹೆಣ್ಣಿನ ಹಣೇಬರಾನs ಹಿಂಗ. ಮದಿವ್ಯಾದ ಮ್ಯಾಲೆ ಹೋಗತೈತಿ" ಎನ್ನುತ್ತಿದ್ದಳು. ಲಕ್ಷ್ಮೇಶ್ವರಕ್ಕೆ ಕೊಟ್ಟು ಮದುವೆಯಾಯಿತು. ಆಗ ಅಲ್ಲಿನ ಹಿರಿಯರು, "ಒಂದು ಹಡೆದರ ಹೋಗತೈತಿ" ಎಂದರು. ನೋವು ಹೋಗಲಿಲ್ಲ, ಮಗುವೂ ಆಗಲಿಲ್ಲ. ಕ್ರಮೇಣ ಮುಟ್ಟಿಲ್ಲದ ದಿನಗಳಲ್ಲಿಯೂ ಬೇನೆಯು ಕಾಣಿಸಿಕೊಳ್ಳತೊಡಗಿತು.

ಈ ಬೇನೆಗೆ ವೈದ್ಯರು ಎಂಡೋಮೆಟ್ರಿಯೋಸಿಸ್ ಎನ್ನುವರು. ಗರ್ಭಕೋಶದ ಒಳಮೈಯನ್ನು ಹೊದ್ದಿರುವ ಪದರವನ್ನು ಹೋಲುವ ಅಂಗಾಂಶವು ಅಂಡಾಶಯ, ಗರ್ಭಕೋಶದ ಹಿಂಬದಿ, ಕರುಳು, ಮೂತ್ರಚೀಲ ಮುಂತಾದ ಕಡೆಗಳಲ್ಲಿ ಬೆಳೆಯುವುದೇ ಇದರ ಮೂಲ. ಈ ಬೆಳವಣಿಗೆಯೂ ದೇಹದ ಹಾರ್ಮೋನುಗಳ ಮಾತಿಗೆ ಓಗೊಡುವುದರಿಂದ ಉರಿಯೂತವೂ ರಕ್ತಸ್ರಾವವೂ ಉಂಟಾಗುವವು. ಹೊರಗೆ ಹರಿಯಲು ದಾರಿಯಿಲ್ಲದೆ ಅಕ್ಕಪಕ್ಕದ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವವು. ಅಂಡಾಶಯದಲ್ಲಿ ಹಳೆಯ ರಕ್ತವು ಕೂಡಿ ಕಂದುಬಣ್ಣದ ಗಂಟಾದರೆ ಅದನ್ನು ಚಾಕೊಲೇಟ್ ಗಂಟು ಎನ್ನುವರು. ೧೯೨೭ರಲ್ಲಿ ಅಮೆರಿಕೆಯ ಸ್ಯಾಂಪ್ಸನ್ ಎಂಬ ವೈದ್ಯನು, ಮುಟ್ಟಿನ ರಕ್ತದ ಸ್ವಲ್ಪ ಭಾಗವು ಹಿಮ್ಮುಖವಾಗಿ ಹರಿದು ಹೊಟ್ಟೆಯೊಳಗೆ ನೆಲೆಗೊಳ್ಳುವುದೇ ಇದಕ್ಕೆ ಕಾರಣವೆಂದು ವಿವರಿಸಿದನು. ಇಂಥ ಹಿಮ್ಮುಖ ಹರಿವು ಬಹುಮಂದಿ ಸ್ತ್ರೀಯರಲ್ಲಿ ಕಂಡುಬರುವುದರಿಂದ ಅದೊಂದೇ ಕಾರಣವಾಗಲಾರದು. ವಂಶಗುಣವೂ ದೇಹರಕ್ಷಣೆಯ ಶಕ್ತಿಯಲ್ಲಿನ ವ್ಯತ್ಯಾಸವೂ ಕೂಡಿರುವವೆಂದು ಈಗ ತಿಳಿಯುತ್ತಾರೆ. ನಮ್ಮ ಚರಕಸಂಹಿತೆಯು ಹೇಳುವ ೨೦ ಯೋನಿವ್ಯಾಪತ್ತುಗಳಲ್ಲಿ ಉದಾವರ್ತಿನಿ ಎಂಬುದೊಂದುಂಟು. ಅದರಲ್ಲಿಯೂ ಮೇಲ್ಮುಖವಾದ ಹರಿವಿನ ಮಾತೂ ಕಡುನೋವಿನ ಮಾತೂ ಬರುವವು. ಎರಡೂ ಒಂದೇ ರೋಗವೆಂದು ಸಾಧಿಸುವುದು ಸಾಹಸವಾದೀತು. ಆದರೂ ಈ ನೋವು ಇಂದಿನ ಹುಡುಗಿಯರ ನಾಜೂಕಿನಿಂದ ಹುಟ್ಟಿದ್ದೆಂಬ ಮಾತಿಗೆ ಇಷ್ಟೇ ಉತ್ತರ ಸಾಕು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ, ಮುಟ್ಟಾಗುವ ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ ೧೦ರಷ್ಟು, ಅಂದರೆ ಜಗತ್ತಿನಲ್ಲಿ ಸುಮಾರು ೧೯ ಕೋಟಿ ಜನ, ಈ ರೋಗಕ್ಕೆ ಗುರಿಯಾಗಿರುವರು. ನೋವು ತೊಡಗಿದ ಮೇಲೆ ರೋಗದ ಹೆಸರು ತಿಳಿಯಲು ೪ರಿಂದ ೧೨ ವರ್ಷಗಳೇ ಹಿಡಿಯುವುದುಂಟು. ನಮ್ಮ ತಂಗಿಗೆ ೧೩ ಹಿಡಿದವು. ಆ ಹದಿಮೂರು ವರ್ಷಗಳಲ್ಲಿ ನಾವು ಮಾಡಿದ್ದೇನು ಎಂಬುದನ್ನೇ ಇಲ್ಲಿ ಒಪ್ಪಿಸಬೇಕಾಗಿದೆ.

ಮೊದಲು ಮನೆಮದ್ದು. ಅಜಿವಾನ-ಬೆಲ್ಲದ ಕಷಾಯ, ಇಂಗು ಬೆರೆಸಿದ ಮಜ್ಜಿಗೆ, ಹೊಟ್ಟೆಗೆ ಔಡಲೆಣ್ಣೆ ಸವರಿ ಉಪ್ಪಿನ ಗಂಟಿನ ಕಾವು. ಇವುಗಳಲ್ಲಿ ಕಾವು ಒಂದೇ ನಿಜವಾಗಿ ಹಾಯೆನಿಸಿತು. ಅದಕ್ಕೆ ಆಧಾರವೂ ಉಂಟು. ೨೦೦೧ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಹೊಟ್ಟೆಯ ಮೇಲೆ ಸುಮಾರು ೩೯ ಡಿಗ್ರಿ ಸೆಲ್ಸಿಯಸ್ ಹದವಾದ ಕಾವನ್ನು ದಿನಕ್ಕೆ ೧೨ ತಾಸು ಇಟ್ಟುದರಿಂದ, ಸಾಮಾನ್ಯ ಮುಟ್ಟಿನ ನೋವಿಗೆ ಐಬುಪ್ರೊಫೆನ್ ಗುಳಿಗೆಯಷ್ಟೇ ಗುಣ ಕಂಡಿತು. ಆದರೆ ಹದವೆಂಬ ಮಾತನ್ನು ಮರೆಯಬಾರದು. ಮುಂಡರಗಿಯಲ್ಲಿರುವ ನಮ್ಮ ಸೋದರತ್ತೆಯ ಮನೆಯಲ್ಲಿ ತಂಗಿಯು ಬಿಸಿನೀರಿನ ಚೀಲವನ್ನು ಅರಿವೆಯಿಲ್ಲದೆ ಬರಿಮೈಗೆ ಒತ್ತಿಕೊಂಡು ಮಲಗಿದ್ದರಿಂದ ಎದ್ದ ಸುಟ್ಟಗಾಯದ ಕಲೆಯು ಇಂದಿಗೂ ಇದೆ.

ಬಳಿಕ ಕಪ್ಪತಗುಡ್ಡದ ಬೇರು-ತೊಗಟೆ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿರುವ ಈ ಗುಡ್ಡವು ಔಷಧಿಯ ಗಿಡಗಳಿಗೆ ಹೆಸರಾದದ್ದೆಂಬುದು ನಮ್ಮ ಭಾಗದವರೆಲ್ಲರಿಗೂ ತಿಳಿದದ್ದೇ. ಶಿರಹಟ್ಟಿಯ ಕಡೆಯ ಮದ್ದು ಕೊಡುವವರೊಬ್ಬರು, ಗುಡ್ಡದಲ್ಲಿಯೇ ಕೆತ್ತಿದ ಅಶೋಕದ ತೊಗಟೆಯೆಂದು ಹೇಳಿ ಒಂದು ಕಟ್ಟು ಕೊಟ್ಟರು. ತಂಗಿಯು ಆರು ತಿಂಗಳು ಕುದಿಸಿ ಕುಡಿದಳು. ಗುಣವಾಗಲಿಲ್ಲ. ಆಯುರ್ವೇದದಲ್ಲಿ ಹೇಳಿದ ಅಶೋಕವು ಮಳೆ ಹೆಚ್ಚಾಗಿ ಬೀಳುವ ಕಾಡಿನ ಮರ. ಶಾಲೆ, ಕಚೇರಿಗಳ ಅಂಗಳದಲ್ಲಿ ಕಂಬದಂತೆ ಎತ್ತರಕ್ಕೆ ಬೆಳೆದು ನಿಲ್ಲುವ ಅಶೋಕವೆಂಬುದು ಬೇರೆಯೇ ಜಾತಿ. ಎರಡರ ತೊಗಟೆಯನ್ನು ಬೆರೆಸಿ ಮಾರುವ ವಾಡಿಕೆಯುಂಟೆಂಬುದು ನಮಗೆ ಆಮೇಲೆ ಗೊತ್ತಾಯಿತು. ನಮ್ಮ ಬಿಸಿಲುಗುಡ್ಡದಲ್ಲಿ ಆ ಮರವೆಲ್ಲಿಂದ ಬಂತೆಂದು ನಾವು ಆಗಲೇ ಕೇಳಬೇಕಾಗಿತ್ತು. ಮೇಲಾಗಿ ೨೦೧೯ರಿಂದ ಕಪ್ಪತಗುಡ್ಡವು ವನ್ಯಜೀವಿಧಾಮವಾಗಿರುವುದರಿಂದ ಅಲ್ಲಿಯ ಗಿಡವನ್ನು ಅನುಮತಿಯಿಲ್ಲದೆ ಕೀಳುವುದು ಅಪರಾಧ.

ಇಲ್ಲಿಯವರೆಗೆ ಹೋದದ್ದು ಹಣವೂ ಕಾಲವೂ ಮಾತ್ರ. ಅನಂತರದ್ದು ಹಾಗಲ್ಲ. ಒಂದು ಸಂತೆಯಲ್ಲಿ, ಹೆಸರಿಲ್ಲದ ಡಬ್ಬಿಯಲ್ಲಿ, "ಮೂರು ತಿಂಗಳಿನಲ್ಲಿ ಗರ್ಭದೋಷ ಪರಿಹಾರ" ಎಂಬ ಭರವಸೆಯೊಡನೆ ಕೆಂಪು ಗುಳಿಗೆಗಳು ದೊರೆತವು. ಕೊಂಡುತಂದವರು ನಾವೇ. ಎರಡನೆಯ ತಿಂಗಳಿಗೆ ತಂಗಿಗೆ ಊಟ ಸೇರದಾಯಿತು, ಮಲಬದ್ಧತೆಯಾಯಿತು, ಹೊಟ್ಟೆನೋವಿಗೆ ಇನ್ನೊಂದು ಹೊಟ್ಟೆನೋವು ಕೂಡಿತು. ರಕ್ತಪರೀಕ್ಷೆಯಲ್ಲಿ ಸೀಸವು ಮಿತಿಮೀರಿ ಕಂಡುಬಂದಿತು. ಇದು ನಮ್ಮೊಬ್ಬರ ದುರ್ದೈವವೆಂದು ತಿಳಿಯಬಾರದು. ಅಮೆರಿಕೆಯ ಬೋಸ್ಟನ್ ನಗರದ ಅಂಗಡಿಗಳಲ್ಲಿ ಮಾರುತ್ತಿದ್ದ ೭೦ ಬಗೆಯ ಆಯುರ್ವೇದೀಯ ಮದ್ದುಗಳನ್ನು ಪರೀಕ್ಷಿಸಿದಾಗ ೧೪ರಲ್ಲಿ ಸೀಸ, ಪಾದರಸ ಇಲ್ಲವೆ ಆರ್ಸೆನಿಕ್ ಇದ್ದುದು ೨೦೦೪ರಲ್ಲಿ ಪ್ರಕಟವಾಯಿತು. ಈ ಮಾತನ್ನು ಶಾಸ್ತ್ರವನ್ನು ಹಳಿಯುವುದಕ್ಕಾಗಿ ಬರೆಯುತ್ತಿಲ್ಲ. ಗದಗಿನಲ್ಲಿ ಆಯುರ್ವೇದ ಮಹಾವಿದ್ಯಾಲಯವೇ ಇದೆ, ಕಲಿತ ವೈದ್ಯರಿದ್ದಾರೆ. ಅವರ ಬಾಗಿಲನ್ನು ಬಿಟ್ಟು ಸಂತೆಯ ಡಬ್ಬಿಯನ್ನು ನಂಬಿದ್ದು ನಮ್ಮ ತಪ್ಪು.

ಹೋಮಿಯೋಪಥಿಯ ಸಕ್ಕರೆಗುಳಿಗೆಗಳನ್ನು ಒಂದು ವರ್ಷ ಕೊಟ್ಟೆವು. ಕೇಡಾಗಲಿಲ್ಲ, ಗುಣವೂ ಆಗಲಿಲ್ಲ. ಆಸ್ಟ್ರೇಲಿಯದ ಸರಕಾರಿ ಸಂಶೋಧನ ಮಂಡಲಿಯು ೨೦೧೫ರಲ್ಲಿ ಈ ಪದ್ಧತಿಯ ಬಗೆಗಿನ ಪರೀಕ್ಷೆಗಳನ್ನೆಲ್ಲ ಪರಿಶೀಲಿಸಿ, ಯಾವ ರೋಗಕ್ಕೂ ಇದು ಗುಣಕಾರಿಯೆಂಬುದಕ್ಕೆ ನಂಬತಕ್ಕ ಪುರಾವೆಯಿಲ್ಲವೆಂದು ಹೇಳಿತು. ಹುಬ್ಬಳ್ಳಿಗೆ ಹೋಗಿ ಸೂಜಿಚಿಕಿತ್ಸೆಯನ್ನೂ ಮಾಡಿಸಿದೆವು. ಅದು ನಡೆದಿರುವವರೆಗೆ ನೋವು ತುಸು ಇಳಿಯಿತು, ನಿಲ್ಲಿಸಿದ ಮೇಲೆ ಮೊದಲಿನಂತಾಯಿತು. ಚೀನದಲ್ಲಿ ೧೦೬ ಜನ ರೋಗಿಗಳ ಮೇಲೆ ಮಾಡಿ ೨೦೨೩ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿಯೂ ಇಂಥದೇ ಫಲ ಕಂಡಿದೆ. ಯೋಗಾಸನದಿಂದ ನೋವು ಹೋಗದಿದ್ದರೂ ಅದನ್ನು ತಾಳುವ ಬಲ ಬಂತು, ನಿದ್ರೆ ಬಂತು. ಅವಳು ಅದನ್ನು ಇಂದಿಗೂ ಬಿಟ್ಟಿಲ್ಲ. ಲಕ್ಷ್ಮೇಶ್ವರದ ಸೋಮೇಶ್ವರನಿಗೂ ಶಿರಹಟ್ಟಿಯ ಫಕೀರೇಶ್ವರನಿಗೂ ಹರಕೆ ಹೊತ್ತೆವು. ಹರಕೆಯಿಂದ ಮನಸ್ಸಿಗೆ ಸಮಾಧಾನ ದೊರೆತುದನ್ನು ನಾವು ಅಲ್ಲಗಳೆಯೆವು. ಆ ಸಮಾಧಾನದಲ್ಲಿ ದವಾಖಾನೆಗೆ ಹೋಗುವುದನ್ನು ಮುಂದೂಡಿದ್ದು ಮಾತ್ರ ನಮ್ಮದೇ ಅವಿವೇಕ.

ಕೊನೆಗೆ ೨೦೨೧ರಲ್ಲಿ, ಸೀಸದ ತೊಂದರೆಗೆಂದು ಹೋದಲ್ಲಿಯೇ, ಸ್ತ್ರೀರೋಗತಜ್ಞೆಯೊಬ್ಬರು ಸ್ಕ್ಯಾನಿಂಗ್ ಮಾಡಿಸಿದರು. ಎಡಗಡೆಯ ಅಂಡಾಶಯದಲ್ಲಿ ೬ ಸೆಂಟಿಮೀಟರಿನ ಚಾಕೊಲೇಟ್ ಗಂಟು ಕಂಡಿತು. ನಾವು ತೊಗಟೆ ಕುದಿಸುತ್ತ, ಗುಳಿಗೆ ಎಣಿಸುತ್ತ ಕುಳಿತ ವರ್ಷಗಳಲ್ಲಿ ಅದು ಬೆಳೆಯುತ್ತಿದ್ದಿರಬೇಕು. ವೈದ್ಯೆಯು ಕೇಳಿದ ಪ್ರಶ್ನೆಗಳಲ್ಲಿ ಒಂದು, "ನಿಮ್ಮ ತಾಯಿಗೂ ಹೀಗೆ ಇತ್ತೇನು?" ಎಂಬುದು. ತಂಗಿಯು ಇಲ್ಲವೆಂದು ತಲೆಯಾಡಿಸಿದಳು. ಪಕ್ಕದಲ್ಲಿ ಕುಳಿತಿದ್ದ ಅವ್ವನು ಬಹಳ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದು, "ಇತ್ತರೀ. ಮೂವತ್ತು ವರ್ಷ ಇತ್ತು. ಮಗ್ಗದ ಕುಣ್ಯಾಗ ಕುಂತs ಅತ್ತೀನಿ. ಯಾರಿಗೆ ಹೇಳಲಿ?" ಎಂದಳು. ಹುಟ್ಟಿದಂದಿನಿಂದ ಒಂದೇ ಮನೆಯಲ್ಲಿ ಬೆಳೆದ ನಮಗಿಬ್ಬರಿಗೂ ಅದು ಅಂದೇ ಗೊತ್ತಾದದ್ದು. ಈ ರೋಗವು ಮನೆತನದಲ್ಲಿ ಇಳಿದು ಬರುವುದುಂಟು. ಅವ್ವನು ಒಂದು ಮಾತು ಆಡಿದ್ದರೆ, ಇಲ್ಲವೆ ನಾವು ಒಂದು ಮಾತು ಕೇಳಿದ್ದರೆ, ಹದಿಮೂರು ವರ್ಷಗಳು ಮೂರಾಗಬಹುದಿತ್ತು.

ದುರ್ಬೀನಿನ ಶಸ್ತ್ರಕ್ರಿಯೆಯಿಂದ ಗಂಟನ್ನು ತೆಗೆದರು. ಅನಂತರ ದಿನಕ್ಕೊಂದು ಡೈನೋಜೆಸ್ಟ್ ಎಂಬ ಹಾರ್ಮೋನಿನ ಗುಳಿಗೆ ನಡೆದಿದೆ. ಇದರಿಂದ ರೋಗವು ಬುಡಸಮೇತ ಹೋಯಿತೆಂದು ಹೇಳಲಾಗದು. ಇದು ಬಹುಕಾಲ ಜೊತೆಯಲ್ಲಿರುವ ರೋಗ. ಶಸ್ತ್ರಕ್ರಿಯೆಯಾದ ಮೇಲೂ ಮರಳಬಹುದು. ಗುಳಿಗೆ ನಡೆದಿರುವಾಗ ಗರ್ಭ ನಿಲ್ಲುವ ಆಶೆಯಿಲ್ಲ. ಮಗುವಿಗಾಗಿ ಅದನ್ನು ನಿಲ್ಲಿಸಿದರೆ ನೋವು ತಿರುಗುವ ಭಯವುಂಟು. ಈ ಇಕ್ಕಟ್ಟಿನ ತೀರ್ಮಾನವನ್ನು ತಂಗಿಯೂ ಅವಳ ಯಜಮಾನರೂ ಮಾಡಬೇಕಲ್ಲದೆ ಓಣಿಯವರಲ್ಲ. ನಾವು ಒಂದು ವಹಿಯಲ್ಲಿ ಅವಳ ನೋವಿಗೆ ಹತ್ತರಲ್ಲಿ ಅಂಕ ಬರೆದಿಡುತ್ತಿದ್ದೆವು. ಬರಿದೆ ಇದ್ದಾಗ ೯, ಕಾವು ಕೊಟ್ಟಾಗ ೭, ಸೂಜಿಯ ದಿನಗಳಲ್ಲಿ ೬, ಈಗ ೩. ಒಬ್ಬಳ ಅಂಕವು ಎಲ್ಲರಿಗೂ ಪ್ರಮಾಣವಲ್ಲ. ಆದರೆ ವಹಿಯಿಡುವ ರೂಢಿಯನ್ನು ಎಲ್ಲರೂ ಮಾಡಬಹುದು.

ಇನ್ನು ಅನುಭವದಿಂದ ಕಲಿತ ಕೆಲವು ಸೂಚನೆಗಳು. ಶಾಲೆ ಅಥವಾ ಕೆಲಸ ತಪ್ಪಿಸುವಂಥ, ವಾಂತಿ ತರಿಸುವಂಥ, ಮಲಮೂತ್ರ ವಿಸರ್ಜನೆಯಲ್ಲಾಗಲಿ ದಾಂಪತ್ಯದಲ್ಲಾಗಲಿ ಕಾಣುವಂಥ ನೋವು ಸಹಜವೆಂದು ಸುಮ್ಮನಿರಕೂಡದು. ಪರೀಕ್ಷೆಯೆಂದರೆ ಹಿಂಜರಿಯುವ ಕನ್ಯೆಯರಿಗೆ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನಿಂಗ್ ಮಾಡಬಹುದು. ಆದರೆ ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿದ್ದರೂ ರೋಗವಿಲ್ಲವೆಂದು ಹೇಳಲು ಬಾರದು. ಗದಗಿನಲ್ಲಿಯೇ ೨೦೧೫ರಿಂದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವಿದೆ; ದೂರವೆಂಬ ನೆವ ಈಗ ನಿಲ್ಲದು. ಮನೆಮದ್ದು, ಕಷಾಯ ಏನನ್ನು ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಂದ ಮರೆಮಾಡಬಾರದು. ಯೂರೋಪಿನ ತಜ್ಞರು ೨೦೨೨ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ಸೂಜಿ, ಪಥ್ಯ, ವ್ಯಾಯಾಮ ಮೊದಲಾದ ಉಪಾಯಗಳನ್ನು ರೋಗಿಯೊಡನೆ ಚರ್ಚಿಸಬೇಕೆಂದು ಹೇಳಿದರೂ, ನೋವಿಗೆ ಇಂಥದೇ ಒಂದನ್ನು ಮಾಡಿರೆಂದು ಹೇಳುವಷ್ಟು ಆಧಾರವಿಲ್ಲವೆಂದಿದೆ. ಆದುದರಿಂದ ಇವು ಚಿಕಿತ್ಸೆಯ ಜೊತೆಗಿರಲಿ, ಚಿಕಿತ್ಸೆಗೆ ಬದಲಾಗಿ ಬೇಡ. ಖಂಡಿತ ಗುಣವೆಂದು ಭರವಸೆ ಕೊಡುವವನನ್ನು ದೂರವಿಡಿರಿ. ಸ್ತ್ರೀರೋಗಗಳನ್ನೂ ಮುಟ್ಟಿನ ದೋಷಗಳನ್ನೂ ಗುಣಪಡಿಸುವೆವೆಂದು ಜಾಹೀರಾತು ಕೊಡುವುದನ್ನು ೧೯೫೪ರ ಔಷಧ ಹಾಗೂ ಮಾಂತ್ರಿಕ ಪರಿಹಾರಗಳ ಕಾಯ್ದೆಯು ನಿಷೇಧಿಸಿದೆ. ಆ ಕೆಂಪು ಗುಳಿಗೆಯ ಚೀಟಿಯೇ ಅಪರಾಧವಾಗಿತ್ತೆಂಬುದು ನಮಗೆ ಆಗ ತಿಳಿದಿರಲಿಲ್ಲ.

ಯಜಮಾನರಾದ ಓದುಗರಿಗೆ ಒಂದು ಮಾತು. ೨೦೨೫ರ ಅಕ್ಟೋಬರದಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟವು ದುಡಿಯುವ ಸ್ತ್ರೀಯರಿಗೆ ವರ್ಷಕ್ಕೆ ೧೨ ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಒಲೆಯ ಮುಂದೆ, ಮಗ್ಗದ ಕುಣಿಯಲ್ಲಿ, ಹೊಲದ ಸಾಲಿನಲ್ಲಿ ದುಡಿಯುವವರಿಗೆ ರಜೆ ಕೊಡತಕ್ಕವರು ಮನೆಯವರೇ.

ತಂಗಿಯು ಈ ಶ್ರಾವಣದಲ್ಲಿ ತವರಿಗೆ ಬಂದಿದ್ದಾಗ ಅವಳಿಗೆ ಕಡಿಗಾಯಿತು. ಅವ್ವನು ಮಗ್ಗ ನಿಲ್ಲಿಸಿ ಎದ್ದು ಬಂದು, ನೀರು ಕಾಸಿ, ಚೀಲಕ್ಕೆ ಹಳೆಯ ಸೀರೆಯ ತುಂಡನ್ನು ಸುತ್ತಿ ಕೊಟ್ಟಳು, "ಎಷ್ಟೈತವ್ವಾ ಇವತ್ತು, ಹತ್ತರಾಗ?" ಎಂದು ಕೇಳಿದಳು. ವಾಚಕ ಸೋದರಿಯರು ತಮ್ಮ ಮನೆಯ ಹೆಣ್ಣುಮಕ್ಕಳನ್ನೂ ಸೊಸೆಯಂದಿರನ್ನೂ ಈ ತಿಂಗಳೇ ಒಮ್ಮೆ ಹೀಗೆ ಕೇಳಬೇಕೆಂದು ನಮ್ಮ ವಿನಂತಿ.