ಟೈರನ್ನು ಆರಿಸಬೇಕಾದುದು ಯಾವ ದಾರಿಗಾಗಿ?

ಮೋಟಾರು ಕಾರೊಂದು ನೆಲವನ್ನು ಎಷ್ಟು ಜಾಗದಲ್ಲಿ ಮುಟ್ಟಿಕೊಂಡಿರುತ್ತದೆ ಎಂದು ಕೇಳಿದರೆ ಬಹುಮಂದಿ ತಟ್ಟನೆ ಉತ್ತರ ಹೇಳಲಾರರು. ಲೆಕ್ಕವೇನೋ ಸುಲಭವಾದುದೇ. 1,200 ಕಿಲೋಗ್ರಾಂ ತೂಗುವ ಕಾರಿನ ಭಾರವು ನಾಲ್ಕು ಚಕ್ರಗಳಿಗೆ ಸಮನಾಗಿ ಹಂಚಿಹೋದರೆ ಒಂದೊಂದರ ಪಾಲಿಗೆ 300 ಕಿಲೋಗ್ರಾಂ ಬರುತ್ತದೆ. ಟೈರಿನೊಳಗಿನ ಗಾಳಿಯ ಒತ್ತಡ ಚದರ ಅಂಗುಲಕ್ಕೆ 33 ಪೌಂಡು, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋಗ್ರಾಂ. ಭಾಗಿಸಿ ನೋಡಿದರೆ ಸುಮಾರು 130 ಚದರ ಸೆಂಟಿಮೀಟರು, ಅಂಗೈಯಗಲದ ಜಾಗ! ಕಾರಿನ ಓಟ, ತಿರುವು, ನಿಲುಗಡೆ ಎಲ್ಲವೂ ಈ ನಾಲ್ಕು ಅಂಗೈಗಳ ಹಿಡಿತವನ್ನೇ ನಂಬಿಕೊಂಡಿವೆ. ಹೀಗಿರುವಲ್ಲಿ, ಎಂಜಿನ್ನಿನ ಶಕ್ತಿಯನ್ನು ಬಾಯ್ತುಂಬ ಹೊಗಳುವ ತರುಣರು ಟೈರನ್ನು ಕೇವಲ ಅಲಂಕಾರದ ವಸ್ತುವೆಂದು ಎಣಿಸುವುದು ಸರಿಯಲ್ಲವೆಂದು ನಾವು ಹೇಳಬೇಕಾಗಿದೆ.

ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಡೆಯ ತರುಣನೊಬ್ಬನು ಬೆಂಗಳೂರಿನಲ್ಲಿ ಉದ್ಯೋಗ ಹಿಡಿದು, ಚುರುಕಾದ ಸಣ್ಣ ಕಾರೊಂದನ್ನು ಕೊಂಡನೆಂದು ಭಾವಿಸೋಣ. ಅದರ ಟೈರಿನ ಪಕ್ಕೆಯ ಮೇಲೆ 195/55 ಆರ್ 16 87 ವಿ ಎಂಬ ಬರಹವಿರುತ್ತದೆ. 195 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 55 ಎಂದರೆ ಪಕ್ಕೆಯ ಎತ್ತರವು ಆ ಅಗಲದಲ್ಲಿ ನೂರಕ್ಕೆ 55 ಪಾಲು. 'ಆರ್' ಎಂಬುದು ಒಳಗಿನ ನೂಲುಗಳು ಅಡ್ಡಡ್ಡಲಾಗಿ ಹಾಯ್ದಿರುವ ರೇಡಿಯಲ್ ಟೈರಿನ ಗುರುತು. 16 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. 87 ಎಂದರೆ 545 ಕಿಲೋಗ್ರಾಂ ಹೊರಬಲ್ಲುದು; 'ವಿ' ಎಂದರೆ ಗಂಟೆಗೆ 240 ಕಿಲೋಮೀಟರು ವೇಗವನ್ನು ತಾಳಬಲ್ಲುದು.

ನಮ್ಮ ತರುಣನಿಗೆ ಇಷ್ಟರಿಂದ ತೃಪ್ತಿಯಿಲ್ಲ. ಗೆಳೆಯರ ಮಾತು ಕೇಳಿ 215/45 ಆರ್ 17 ಅಳತೆಯ ಟೈರನ್ನೂ ಹೊಳೆಯುವ ಅಲಾಯ್ ಚಕ್ರವನ್ನೂ ಹಾಕಿಸಬೇಕೆನ್ನುತ್ತಾನೆ. ಗಣಿತವು ಇದಕ್ಕೆ ಅಡ್ಡಬರುವುದಿಲ್ಲ. ಮೊದಲ ಚಕ್ರದ ಒಟ್ಟು ವ್ಯಾಸ 621 ಮಿಲಿಮೀಟರು, ಎರಡನೆಯದರದು 625. ವೇಗಮಾಪಕವು ಹೆಚ್ಚೇನೂ ತಪ್ಪದು. ಆದರೆ ಪಕ್ಕೆಯ ಎತ್ತರವು 107 ಮಿಲಿಮೀಟರಿನಿಂದ 97ಕ್ಕೆ ಇಳಿಯಿತು. ಹೀಗೆ ಕಳೆದುಹೋದ ಒಂದು ಸೆಂಟಿಮೀಟರಿನಲ್ಲಿಯೇ ನಮ್ಮ ಚರ್ಚೆಯ ತಿರುಳಿದೆ.

1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿತುಂಬಿದ ಟೈರನ್ನು ಮಾಡಿದ್ದು ವೇಗದ ಪಂದ್ಯಕ್ಕಾಗಿ ಅಲ್ಲ. ತನ್ನ ಮಗನ ಮೂರುಗಾಲಿಯ ಬಂಡಿಯು ಒರಟು ಬೀದಿಗಳಲ್ಲಿ ಕುಲುಕಾಡುತ್ತಿದ್ದುದನ್ನು ತಪ್ಪಿಸುವುದಕ್ಕಾಗಿ. ಕೆಟ್ಟ ದಾರಿಯ ಪೆಟ್ಟನ್ನು ತಾನು ನುಂಗಿ ಗಾಡಿಯನ್ನು ಕಾಪಾಡುವುದೇ ಟೈರಿನ ಹುಟ್ಟುಗುಣ. ಪಕ್ಕೆ ಗಿಡ್ಡವಾದಷ್ಟೂ ಆ ಗುಣ ಕುಗ್ಗುತ್ತದೆ. ಹೆದ್ದಾರಿಯನ್ನು ಶಿರಾದಲ್ಲಿ ಬಿಟ್ಟು ಪಶ್ಚಿಮಕ್ಕೆ ತಿರುಗಿ ಊರ ದಾರಿ ಹಿಡಿದವನಿಗೆ ಗುಂಡಿ, ಕಲ್ಲು, ರಸ್ತೆಯುಬ್ಬುಗಳು ಎದುರಾದಾಗ, ಪೆಟ್ಟು ನೇರವಾಗಿ ರಿಮ್ಮಿಗೆ ತಗಲುತ್ತದೆ. ರಿಮ್ಮು ಸೊಟ್ಟಗಾಗಬಹುದು, ಪಕ್ಕೆಯೊಳಗಿನ ನೂಲುಗಳು ಹರಿದು ಟೈರು ಬುಗುಟೆದ್ದೀತು.

"ಅಗಲ ಹೆಚ್ಚಿದರೆ ಹಿಡಿತವೂ ಹೆಚ್ಚಲಿಲ್ಲವೆ?" ಎಂದು ಓದುಗರು ಕೇಳಬಹುದು. ಒಣ ರಸ್ತೆಯ ತಿರುವುಗಳಲ್ಲಿ ಸ್ವಲ್ಪ ಲಾಭವುಂಟೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಭಾರವೂ ಒತ್ತಡವೂ ಬದಲಾಗದಿದ್ದರೆ ನೆಲ ಮುಟ್ಟುವ ಜಾಗವು ಹೆಚ್ಚಾಗಿ ಬೆಳೆಯುವುದಿಲ್ಲ. ಅಗಲದಲ್ಲಿ ಹಿಗ್ಗಿ ಉದ್ದದಲ್ಲಿ ಕುಗ್ಗುತ್ತದೆ. ಅಗಲವಾದ ಟೈರು ಮಳೆಯಲ್ಲಿ ಹೆಚ್ಚು ನೀರನ್ನು ತಳ್ಳಬೇಕು. ತಳ್ಳಲಾರದೆ ಹೋದರೆ ನೀರಿನ ಪೊರೆಯ ಮೇಲೇರಿ ತೇಲತೊಡಗುತ್ತದೆ. ಆಗ ಬ್ರೇಕೂ ಸ್ಟಿಯರಿಂಗೂ ಇದ್ದೂ ಇಲ್ಲದಂತೆ.

ಶಿರಾ ಸೀಮೆ ಮಳೆ ಕಡಿಮೆಯ ನಾಡು, ಅಲ್ಲಿ ಈ ಭಯವೇಕೆ ಎನ್ನಬಾರದು. ತಿಂಗಳುಗಟ್ಟಲೆ ದೂಳೂ ಎಣ್ಣೆಯ ಜಿಡ್ಡೂ ಕೂಡಿಬಿದ್ದ ರಸ್ತೆಗೆ ಮೊದಲ ಮಳೆ ಬಿದ್ದಾಗಲೇ ಜಾರಿಕೆ ಅತಿಯಾಗಿರುತ್ತದೆ. ಬುಕ್ಕಾಪಟ್ಟಣದ ಕಾಡನ್ನು 2019ರಲ್ಲಿ ಚಿಂಕಾರಗಳ ವನ್ಯಧಾಮವೆಂದು ಘೋಷಿಸಲಾಯಿತು. ಇಂಥ ಸೀಮೆಯಲ್ಲಿ ಇರುಳು ದಾರಿಗೆ ಅಡ್ಡಬರುವುದು ಮೃಗವಾಗಬಹುದು, ಹೊಲದಿಂದ ಮರಳುವ ರೈತನಾಗಬಹುದು. ಆ ಗಳಿಗೆಯಲ್ಲಿ ಕಾರು ಇನ್ನೆರಡು ಮಾರು ಮುಂದೆ ನಿಲ್ಲುವುದೋ ಹಿಂದೆ ನಿಲ್ಲುವುದೋ ಎಂಬುದರ ಮೇಲೆ ಒಂದು ಜೀವ ನಿಂತಿರುತ್ತದೆ.

ಹಾಗೆಂದು ವೇಗದ ಅಕ್ಷರವನ್ನು ಕಡೆಗಣಿಸಬೇಕೆಂದಲ್ಲ. ಚತುಷ್ಪಥ ಹೆದ್ದಾರಿಯಲ್ಲಿ ಕಾರುಗಳಿಗೆ ಕೇಂದ್ರ ಸರ್ಕಾರವು 2018ರಲ್ಲಿ ಗೊತ್ತುಪಡಿಸಿದ ಗರಿಷ್ಠ ಮಿತಿ 100 ಕಿಲೋಮೀಟರು ಮಾತ್ರ. ಆದರೂ ಆ ಅಕ್ಷರವು ಟೈರು ಕಾವನ್ನು ತಾಳುವ ಶಕ್ತಿಯನ್ನೂ ಸೂಚಿಸುವುದರಿಂದ, ಕಾರು ತಯಾರಕರು ಹೇಳಿದುದಕ್ಕಿಂತ ಕೆಳಗಿನದನ್ನು ಕೊಳ್ಳಬಾರದು. ಅಗಲಕ್ಕೆ ಸುರಿಯುವ ಹಣವನ್ನು ಅದೇ ಅಳತೆಯ, ಒದ್ದೆ ನೆಲದಲ್ಲಿ ಚೆನ್ನಾಗಿ ಹಿಡಿಯುವ ಉತ್ತಮ ರಬ್ಬರಿನ ಟೈರಿಗೆ ಕೊಡುವುದು ಲೇಸು. ಪಕ್ಕೆಯ ಮೇಲಿನ ನಾಲ್ಕಂಕಿಗಳನ್ನು ಓದಿ ಕೊಳ್ಳಬೇಕು. 2324 ಎಂದಿದ್ದರೆ 2024ರ 23ನೆಯ ವಾರದಲ್ಲಿ ತಯಾರಾದುದು. ಎರಡೇ ಹೊಸ ಟೈರು ಕೊಂಡರೆ ಅವನ್ನು ಹಿಂದಿನ ಚಕ್ರಗಳಿಗೆ ಹಾಕಿಸಬೇಕು. ಮಳೆಯಲ್ಲಿ ಹಿಂಭಾಗ ಜಾರಿದ ಕಾರನ್ನು ಸರಿಪಡಿಸುವುದು ಕಷ್ಟ. ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದ ಟೈರು ಕಾನೂನಿಗೂ ಸಲ್ಲದು. ಗಾಳಿಯ ಒತ್ತಡವನ್ನು ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ಅಳೆಯಬೇಕು, ಸ್ಟೆಪ್ನಿಯನ್ನೂ ಮರೆಯಬಾರದು.

ಕಾರಿನ ಚುರುಕು ಚಿತ್ರದಲ್ಲಿ ಕಾಣುವಂಥದಲ್ಲ, ನೆಲದ ಮೇಲೆ ತಿಳಿಯುವಂಥದು. ಆದುದರಿಂದ ತಾನು ಹೋಗುವ ದಾರಿಗಳಲ್ಲಿ ಅತ್ಯಂತ ಕೆಟ್ಟದು ಯಾವುದೋ ಅದನ್ನು ನೆನೆದು ಟೈರನ್ನು ಆರಿಸುವವನೇ ಜಾಣನೆಂಬುದು ನಮ್ಮ ಮತ. ಒಳ್ಳೆಯ ದಾರಿಯಲ್ಲಿ ಯಾವ ಟೈರಾದರೂ ಓಡೀತು. ಹಬ್ಬಕ್ಕೆ ಊರಿಗೆ ಹೊರಟವನು ಮನೆ ಮುಟ್ಟಬೇಕಾದುದು ಊರ ದಾರಿಯಲ್ಲಿ.