ಉಣುಗು ನಡೆಯುವುದು ಕೆಲವೇ ಮೀಟರ್, ಮಂಗನ ಕಾಯಿಲೆ ಸಿಂಧುದುರ್ಗ ತಲುಪಿದ್ದು ಹೇಗೆ?

ಡಿಸೆಂಬರ್ ಬಂತೆಂದರೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಆರೋಗ್ಯ ಇಲಾಖೆ ಮಂಗ ಸತ್ತ ಸುದ್ದಿಗೆ ಕಿವಿಗೊಟ್ಟು ಕೂರುತ್ತದೆ. ಮುಂಬೈ, ಪುಣೆಯಲ್ಲಿರುವ ಮಲೆನಾಡಿಗರಿಗೆ ಇದು ಊರಿನಿಂದ ಫೋನಿನಲ್ಲಿ ಬರುವ ಸುದ್ದಿ. 'ಸಾಗರದ ಕಡೆ ಮತ್ತೆ ಮಂಗನ ಕಾಯಿಲೆಯಂತೆ' ಎಂದು ಕೇಳಿ ಸುಮ್ಮನಾಗುವುದು ವಾಡಿಕೆ. ಆದರೆ 2016ರ ನಂತರ ಇದು ಮಹಾರಾಷ್ಟ್ರದ ಸುದ್ದಿಯೂ ಹೌದು, ಗೋವಾದ ಸುದ್ದಿಯೂ ಹೌದು. ಅದು ಅಲ್ಲಿಗೆ ಹೋಯಿತೇ, ಅಲ್ಲೇ ಇತ್ತೇ ಎಂಬುದು ಕೇಳಲೇಬೇಕಾದ ಪ್ರಶ್ನೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಬಂದು ಹೊಸ ವೈರಸ್ ಪತ್ತೆ ಮಾಡಿದರು. ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಆನಂತರ ದಶಕಗಳ ಕಾಲ ಕಾಯಿಲೆ ಕರ್ನಾಟಕದ ಕೆಲವೇ ಜಿಲ್ಲೆಗಳ ಪಾಲಾಗಿತ್ತು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಸುಟ್ಟ ಸಿಬ್ಬಂದಿಗೆ ತಗುಲಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನೀಲಗಿರಿಯ ಸತ್ತ ಮಂಗಗಳಲ್ಲಿ ವೈರಸ್ ಸಿಕ್ಕಿತು. 2013ರಲ್ಲಿ ವಯನಾಡು, 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕಿನ ಪಾಲಿ, 2016ರಲ್ಲಿ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗ. ನಕ್ಷೆಯ ಮೇಲೆ ಚುಕ್ಕೆ ಇಟ್ಟರೆ ಪಶ್ಚಿಮ ಘಟ್ಟದ ಬೆನ್ನುಮೂಳೆಯ ಉದ್ದಕ್ಕೂ ಐದು ರಾಜ್ಯಗಳು.

ಈ ವೈರಸ್ಸನ್ನು ಹೊರುವ ಮುಖ್ಯ ಉಣುಗಿನ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಕೆಲವರು ಇದನ್ನು ಉಣ್ಣೆ ಎನ್ನುತ್ತಾರೆ. ಇದಕ್ಕೆ ರೆಕ್ಕೆಯಿಲ್ಲ, ಹಾರಲು ಬಾರದು, ನೆಗೆಯಲೂ ಬಾರದು. ಸ್ವಂತ ಕಾಲಿನಲ್ಲಿ ಬದುಕಿಡೀ ನಡೆದರೂ ಕ್ರಮಿಸುವುದು ಕೆಲವೇ ಮೀಟರ್. ಹುಲ್ಲಿನ ತುದಿಗೋ ತರಗೆಲೆಯ ಅಂಚಿಗೋ ಬಂದು ಮುಂಗಾಲು ಚಾಚಿ ಕಾಯುತ್ತದೆ, ಹಾದುಹೋಗುವ ಪ್ರಾಣಿಗೆ ಅಂಟಿಕೊಳ್ಳುತ್ತದೆ. ಅಂದಮೇಲೆ ಉಣುಗು ಎಲ್ಲಿದೆ ಎಂಬುದನ್ನು ತಿಳಿಯಬೇಕಾದರೆ ಅದು ಅಂಟಿಕೊಂಡ ಪ್ರಾಣಿ ಎಲ್ಲೆಲ್ಲಿ ಓಡಾಡುತ್ತದೆ, ಉದುರಿಬಿದ್ದ ಜಾಗದಲ್ಲಿ ಬದುಕಲು ತೇವ ಇದೆಯೇ ಎಂದು ನೋಡಬೇಕು. ಜಗತ್ತಿನ ಯಾವುದೇ ಉಣುಗಿನ ವಿಚಾರದಲ್ಲಿ ಈ ಎರಡು ಪ್ರಶ್ನೆ ತಪ್ಪುವುದಿಲ್ಲ.

ಮೊದಲು ತೇವ. ರಕ್ತ ಕುಡಿಯುವ ಹೊತ್ತು ಬಿಟ್ಟರೆ ಉಣುಗಿನ ಬದುಕೆಲ್ಲ ನೆಲದ ಮೇಲೆ. ಮಲೆನಾಡಿನ ಉಣುಗಿಗೆ ಒಣಗಿಸಿಬಿಡುವ ಗಾಳಿಯೇ ದೊಡ್ಡ ಶತ್ರು. ದಪ್ಪ ತರಗೆಲೆಯ ಹಾಸು, ಮೇಲೆ ನೆರಳು ಇರುವ ಕಡೆ ಅದು ಬೇಸಿಗೆ ಕಳೆಯುತ್ತದೆ. ಎಲ್ಲ ಉಣುಗಿಗೂ ಇದೇ ಲೆಕ್ಕವೇನಲ್ಲ. 2011ರಲ್ಲಿ ಅಹಮದಾಬಾದ್ ಬಳಿ ಕ್ರಿಮಿಯನ್-ಕಾಂಗೋ ಜ್ವರ ದೇಶದಲ್ಲಿ ಮೊದಲ ಬಾರಿಗೆ ಪತ್ತೆಯಾಯಿತಲ್ಲ, ಅದನ್ನು ಹರಡುವ ಹಯಲೋಮಾ ಜಾತಿಯ ಉಣುಗುಗಳು ಬಯಲುಸೀಮೆಯ ಒಣ ಹವೆಗೆ ಒಗ್ಗಿದವು. ಗುಜರಾತಿನ ಉಣುಗನ್ನು ಆಗುಂಬೆಯಲ್ಲಿ, ಆಗುಂಬೆಯದನ್ನು ಗುಜರಾತಿನಲ್ಲಿ ಹುಡುಕಿದರೆ ಕೈಗೆ ಸಿಗುವುದು ಕಷ್ಟ.

ಎರಡನೆಯದು ಪ್ರಾಣಿ. ಇಲ್ಲಿ ಕಥೆ ಸ್ವಲ್ಪ ಜಟಿಲ. ಮಂಗನ ಕಾಯಿಲೆಯ ಉಣುಗು ಜೀವನದಲ್ಲಿ ಮೂರು ಬಾರಿ ಮೂರು ಪ್ರಾಣಿಗಳ ರಕ್ತ ಕುಡಿಯುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೊರಬರುವ ಮರಿಗಳು ಇಲಿ, ಮೂಗಿಲಿ, ಹಕ್ಕಿ, ಮಂಗಗಳ ಮೇಲೆ ಹತ್ತುತ್ತವೆ. ಅವು ಪೊರೆ ಕಳಚಿ ನಿಂಫ್ ಆಗುವುದು ಚಳಿಗಾಲಕ್ಕೆ. ಡಿಸೆಂಬರಿನಿಂದ ಮೇವರೆಗೆ ಮನುಷ್ಯನನ್ನು ಕಚ್ಚುವುದು ಮುಖ್ಯವಾಗಿ ಈ ನಿಂಫ್‌ಗಳೇ, ಸಾಸಿವೆ ಕಾಳಿಗಿಂತ ದೊಡ್ಡದಲ್ಲದ್ದರಿಂದ ಕಣ್ಣಿಗೂ ಬೀಳುವುದಿಲ್ಲ. ಮುಂಗಾರು ಬಂದಾಗ ಪ್ರೌಢ ಉಣುಗುಗಳು ದೊಡ್ಡ ಪ್ರಾಣಿ ಹುಡುಕುತ್ತವೆ. ಹಿಂದೆ ಅದು ಕಡವೆ, ಕಾಡೆಮ್ಮೆ. ಈಗ ಬಹುಪಾಲು ಮೇಯಲು ಬಿಟ್ಟ ದನ. ಹೊಟ್ಟೆ ತುಂಬಿದ ಹೆಣ್ಣು ಉದುರಿಬಿದ್ದು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ.

ದನಕ್ಕೆ ಈ ಕಾಯಿಲೆ ಬರುವುದಿಲ್ಲ, ದನದಿಂದ ಉಣುಗಿಗೆ ವೈರಸ್ ದಾಟುವುದಕ್ಕೂ ಪುರಾವೆ ಇಲ್ಲ. ಅದು ಉಣುಗಿನ ಸಂಖ್ಯೆಯನ್ನಷ್ಟೇ ಸಾಕುತ್ತದೆ. ವೈರಸ್ ಹೆಚ್ಚಿಸುವ ಕೆಲಸ ಮಂಗ, ಮುಸಿಯ ಹಾಗೂ ಸಣ್ಣ ಪ್ರಾಣಿಗಳದು. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿದ್ದ ಉಣುಗುಗಳೆಲ್ಲ ಶವದ ಸುತ್ತ ಚದುರುತ್ತವೆ. ಅದಕ್ಕೇ ಸತ್ತ ಮಂಗದ ಬಳಿ ಹೋಗಬೇಡಿ ಎಂದು ಇಲಾಖೆ ಡಂಗುರ ಹೊಡೆಸುವುದು. ಪಾಪ, ಮಂಗ ಇಲ್ಲಿ ಅಪರಾಧಿಯೂ ಅಲ್ಲ, ಮನುಷ್ಯನಿಗಿಂತ ಮೊದಲು ಸಾಯುವ ರೋಗಿ. ಕಾಯಿಲೆಗೆ ಅದರ ಹೆಸರು ಅಂಟಿದ್ದರಿಂದ ಕೆಲವೆಡೆ ಜನ ಮಂಗಗಳ ಮೇಲೆಯೇ ಸಿಟ್ಟಾಗುತ್ತಾರೆ.

ಕಾಡಿನ ಅಂಚಿನ ಲೆಕ್ಕ

ಮಳೆಕಾಡಿನ ತೇವ, ಇಲಿ, ಮಂಗ, ದನ, ಮನುಷ್ಯ, ಇವೆಲ್ಲ ಒಟ್ಟಿಗೆ ಸಿಗುವುದು ದಟ್ಟಡವಿಯಲ್ಲೂ ಅಲ್ಲ, ಬಯಲಿನಲ್ಲೂ ಅಲ್ಲ. ತೋಟ, ಗದ್ದೆ, ಬ್ಯಾಣ, ಕಾಡು ಒಂದಕ್ಕೊಂದು ಹೊಲಿದಂತಿರುವ ಜಾಗದಲ್ಲಿ. ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ನಿತ್ಯಹರಿದ್ವರ್ಣ ಕಾಡು ಮತ್ತು ತೋಟ ಎರಡೂ ಹೆಚ್ಚಿರುವ, ನಾಟಿ ದನಗಳ ಸಂಖ್ಯೆ ಜಾಸ್ತಿಯಿರುವ ಪ್ರದೇಶದಲ್ಲಿ ಅಪಾಯ ಹೆಚ್ಚು. ಒಣ ಎಲೆಯುದುರುವ ಕಾಡಿನಲ್ಲಿ ಕಡಿಮೆ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಟ್ಟಿಗೆಗೆ ಸೊಪ್ಪು, ಅಡಿಕೆ ತೋಟಕ್ಕೆ ತರಗು, ಒಲೆಗೆ ಸೌದೆ, ಎಲ್ಲವೂ ಅದೇ ಅಂಚಿನಿಂದ, ಅದೇ ತಿಂಗಳುಗಳಲ್ಲಿ ಬರಬೇಕು. 'ಕಾಡಿಗೆ ಹೋಗಬೇಡಿ' ಎಂಬ ಪ್ರಕಟಣೆ ಬರೆಯುವವರಿಗೆ ಸುಲಭ.

1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಸುತ್ತ ಎದ್ದ ಹಾವಳಿ ಈ ಕಾಯಿಲೆಯ ಚರಿತ್ರೆಯಲ್ಲೇ ಅತಿ ಕ್ರೂರವಾದವುಗಳಲ್ಲಿ ಒಂದು. ಒಂದು ಸಾವಿರಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು, ನೂರಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಮುನ್ನ ಅಲ್ಲಿ ನಡೆದದ್ದು ಗೋಡಂಬಿ ನೆಡುತೋಪಿಗಾಗಿ ಹಳೆಯ ಕಾಡಿನ ಕಡಿತ. ಗೋವಾ ಮತ್ತು ಸಿಂಧುದುರ್ಗದ ನಕ್ಷೆ ಬಿಡಿಸಿದರೂ ಕಣ್ಣಿಗೆ ಬೀಳುವುದು ಅದೇ ಗೋಡಂಬಿ. ಗೇರುಬೀಜ ಆಯುವ ಕಾಲ ಫೆಬ್ರವರಿಯಿಂದ ಮೇ. ನಿಂಫ್‌ಗಳ ಕಾಲವೂ ಅದೇ. ಹಣ್ಣಿನ ವಾಸನೆಗೆ ಮಂಗ ಬರುತ್ತದೆ, ಬಿದ್ದ ಬೀಜ ಹೆಕ್ಕಲು ಕೂಲಿಯವರು ತರಗೆಲೆಗೆ ಕೈ ಹಾಕುತ್ತಾರೆ.

ಸೈಬೀರಿಯಾದ ಹಕ್ಕಿ ಮತ್ತು ಲ್ಯಾಬಿನ ನಕ್ಷೆ

ದೂರ ಹೋಗುವ ವಿಷಯಕ್ಕೆ ಬಂದರೆ ಒಂದು ಹಳೆಯ ಊಹೆ ನೆನಪಾಗುತ್ತದೆ. ಕ್ಯಾಸನೂರಿನ ವೈರಸ್ ರಷ್ಯಾದ ಉಣುಗು ಜ್ವರದ ವೈರಸ್ಸಿಗೆ ಹತ್ತಿರದ್ದು ಎಂದು ತಿಳಿದಾಗ, ವಲಸೆ ಹಕ್ಕಿಗಳು ಸೈಬೀರಿಯಾದಿಂದ ಹೊತ್ತು ತಂದಿರಬಹುದೇ ಎಂಬ ಶಂಕೆ ಎದ್ದಿತು. ಸಲೀಂ ಅಲಿ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿದ ಯೋಜನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಹಣ ಸಿಕ್ಕಿದ್ದು ಈ ಪ್ರಶ್ನೆಯಿಂದಲೇ. ಸೈಬೀರಿಯಾದ ನಂಟು ಸಾಬೀತಾಗಲಿಲ್ಲ, ನಮಗೆ ಹಕ್ಕಿಗಳ ಬಗ್ಗೆ ಅಮೂಲ್ಯ ಮಾಹಿತಿ ಸಿಕ್ಕಿತು. ಮುಂದೆ 1990ರ ದಶಕದಲ್ಲಿ ಕ್ಯಾಸನೂರಿನ ವೈರಸ್ಸಿನ ಹತ್ತಿರದ ಬಂಧು ಪತ್ತೆಯಾದದ್ದು ಸೌದಿ ಅರೇಬಿಯಾದಲ್ಲಿ!

ಇನ್ನೊಂದು ಸಂಗತಿ. ಈ ಉಣುಗು ಪಶ್ಚಿಮ ಘಟ್ಟಕ್ಕೆ ಸೀಮಿತವಲ್ಲ, ಶ್ರೀಲಂಕಾದಲ್ಲೂ ಇದೆ. ಅಲ್ಲಿ ಮಂಗನ ಕಾಯಿಲೆಯಿಲ್ಲ. ಇತ್ತ ಕಛ್, ಸೌರಾಷ್ಟ್ರ, ಅಂಡಮಾನ್‌ನ ಜನರ ರಕ್ತದಲ್ಲಿ ಈ ವೈರಸ್ಸಿನ ಅಥವಾ ಅದರ ಬಂಧುವಿನ ಗುರುತು ಸಿಕ್ಕಿದೆ, ಕಾಯಿಲೆ ಕಂಡಿಲ್ಲ. ಅಂದರೆ ಉಣುಗಿನ ನಕ್ಷೆ ಬೇರೆ, ವೈರಸ್ಸಿನ ನಕ್ಷೆ ಬೇರೆ, ಪತ್ರಿಕೆಯಲ್ಲಿ ಬರುವ ಪ್ರಕರಣಗಳ ನಕ್ಷೆ ಮತ್ತೂ ಬೇರೆ. ಮೂರನೆಯ ನಕ್ಷೆಯನ್ನು ಬರೆಯುವುದು ಪ್ರಯೋಗಾಲಯ. ಎಲ್ಲಿ ವೈದ್ಯರು ಶಂಕಿಸಿ ರಕ್ತದ ಮಾದರಿ ಕಳಿಸುತ್ತಾರೋ ಅಲ್ಲಿ ಚುಕ್ಕೆ ಬೀಳುತ್ತದೆ. 2012ರ ನಂತರದ 'ಹರಡುವಿಕೆ'ಯಲ್ಲಿ ಎಷ್ಟು ಪಾಲು ನಿಜವಾದ ಪ್ರಯಾಣ, ಎಷ್ಟು ಪಾಲು ತಡವಾಗಿ ಕಣ್ಣುಬಿಟ್ಟದ್ದು ಎಂದು ಬೇರ್ಪಡಿಸದೆ ಹವಾಮಾನ ಬದಲಾವಣೆಯ ತಲೆಗೆ ಎಲ್ಲವನ್ನೂ ಕಟ್ಟುವುದು ಆತುರವಾಗುತ್ತದೆ. ಸ್ವೀಡನ್, ಕೆನಡಾದಲ್ಲಿ ಉಣುಗು ಉತ್ತರಕ್ಕೆ ಸರಿದಿರುವುದಕ್ಕೆ ಚಳಿ ತಗ್ಗಿದ್ದು ದೊಡ್ಡ ಕಾರಣ. ಘಟ್ಟದಲ್ಲಿ ಉಣುಗನ್ನು ತಡೆಯುತ್ತಿದ್ದದ್ದು ಚಳಿಯಲ್ಲ. ಇಲ್ಲಿ ಮೊದಲು ನೋಡಬೇಕಾದದ್ದು ನೆಲದ ಬಳಕೆ.

ಇದು ಬರೀ ಪಂಡಿತರ ಚರ್ಚೆಯಾಗಿ ಉಳಿಯದಿರುವುದಕ್ಕೆ 2016ರ ಒಂದು ಉದಾಹರಣೆ ಸಾಕು. ಬೆಳಗಾವಿ ಜಿಲ್ಲೆಯಿಂದ ಗೋವಾದ ಗೋಡಂಬಿ ತೋಟಗಳಿಗೆ ಕೂಲಿಗೆ ಹೋಗಿದ್ದವರಲ್ಲಿ ಮಂಗನ ಕಾಯಿಲೆ ದೃಢಪಟ್ಟಿತು. ಉಣುಗು ಕಚ್ಚಿದ್ದು ಒಂದು ರಾಜ್ಯದಲ್ಲಿ, ಜ್ವರ ಬಂದು ಮಲಗಿದ್ದು ಇನ್ನೊಂದರಲ್ಲಿ. ಕಚ್ಚಿದ ಮೇಲೆ ಜ್ವರ ಕಾಣಲು ಮೂರರಿಂದ ಎಂಟು ದಿನ ಬೇಕು, ಅಷ್ಟರಲ್ಲಿ ಕೂಲಿಯವರು ಊರಿಗೆ ಮರಳಿರುತ್ತಾರೆ. ಆಗ ಕಾಯಿಲೆ ದಾಖಲಾಗುವುದು ಉಣುಗೇ ಇಲ್ಲದ ಊರಿನ ಹೆಸರಿನಲ್ಲಿ, ಸಿಬ್ಬಂದಿ ಉಣುಗು ಹುಡುಕಲು ಹೊರಡುವುದೂ ಅಲ್ಲಿಗೇ.

ಹಳೆಯ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಕೊಡುವುದನ್ನು ನಿಲ್ಲಿಸಲಾಯಿತು. ಹೊಸದರ ಕೆಲಸ ಐಸಿಎಂಆರ್ ಕಡೆಯಿಂದ ನಡೆದಿದೆ. ಅದು ಕೈಗೆ ಬರುವವರೆಗೆ ಉಳಿದಿರುವುದು ಮೈಗೆ ಹಚ್ಚುವ ಡೆಪಾ ತೈಲ, ಸಂಜೆ ಬಿಸಿನೀರಿನ ಸ್ನಾನ, ಸತ್ತ ಮಂಗದ ಮಾಹಿತಿ. ಡೆಪಾ ಹಂಚುವುದು ಪ್ರಕರಣ ದಾಖಲಾದ ಹಳ್ಳಿಗಳ ಪಟ್ಟಿ ಹಿಡಿದು. ಗೇರು ಆಯಲು ಮೂರು ತಿಂಗಳು ಬಂದುಹೋಗುವ ಕೂಲಿಯವರ ಹೆಸರು ಯಾವ ಹಳ್ಳಿಯ ಪಟ್ಟಿಯಲ್ಲಿರಬೇಕು ಎಂಬುದನ್ನು ಕರ್ನಾಟಕ, ಗೋವಾ, ಮಹಾರಾಷ್ಟ್ರದ ಆರೋಗ್ಯ ಇಲಾಖೆಗಳು ಡಿಸೆಂಬರಿಗೆ ಮೊದಲೇ ಒಟ್ಟಿಗೆ ಕೂತು ತೀರ್ಮಾನಿಸಬೇಕಿದೆ.